ಹೆಕ್ಕಿದ್ದು

ಗೋಡೆಯಾಚೆ ನಲ್ಲಿ ತಿರುಗಿಸಿದ ಸದ್ದಾಯಿತು. ಸಿಯುಲಾನ್ ಎದ್ದಳು ಅಂದುಕೊಂಡಳು ವಾಯ್‌ಪಿಂಗ್, ಅಂದುಕೊಂಡದ್ದಕ್ಕೆ ತನ್ನ ಮೇಲೆಯೇ ಬೇಸರಪಟ್ಟಳು. ಇಷ್ಟು ವರ್ಷ ಬೆಳಗಿನ ಮೊದಲ ಯೋಚನೆ ಅದೇ ಆಗಿತ್ತು. ಪಕ್ಕದ ಮನೆಯ ನಲ್ಲಿ, ಆಮೇಲೆ ಕೆಟಲಿನ ಸಿಳ್ಳು, ಆಮೇಲೆ ಗೋಡೆಯ ಮೇಲೆ ಬೆರಳ ಗೆಣ್ಣಿನ ಕುಟ್ಟು. ಕುಟ್ಟಿದರೆ ಚಹಾ ಆಗಿದೆ, ಬಾ ಎಂದು ಅರ್ಥ. ಇವತ್ತು ಕೆಟಲು ಸಿಳ್ಳು ಹಾಕಿ ಸುಮ್ಮನಾಯಿತು, ಗೋಡೆಯೂ ಸುಮ್ಮನಿತ್ತು. ವಾಯ್‌ಪಿಂಗ್ ಅಡುಗೆಕಟ್ಟೆಗೆ ಒರಗಿ ನಿಂತು ಗೆಣಸಿನ ಕುಡಿಗಳ ನಾರು ತೆಗೆಯುತ್ತಿದ್ದಳು. ಮೊನ್ನೆ ಸಂಜೆ ತನ್ನ ಪಾತಿಯಿಂದ ತಂದ ಕುಡಿ. ಮೊನ್ನೆಗೆ ಪಾತಿ ಇನ್ನೂ ತನ್ನದಾಗಿತ್ತು. ಹೆಬ್ಬೆರಳ ಉಗುರನ್ನು ತೊಟ್ಟಿನ ಬೆನ್ನಿಗೆ ಒತ್ತಿ ಎಳೆದರೆ ನಾರು ದಾರದಂತೆ ಬಿಚ್ಚಿ ಬರುತ್ತಿತ್ತು. ಹೀಗೆ ಉಗುರಿನಲ್ಲಿ ಚಿವುಟುವುದಕ್ಕೆ ಅಮ್ಮ 'ಮಿತ್' ಅನ್ನುತ್ತಿದ್ದಳು. ಆ ಸದ್ದಿನಲ್ಲೇ ಉಗುರು ಇತ್ತು. ನೆಲಕ್ಕೆ ಬಿದ್ದದ್ದನ್ನು ಹೆಕ್ಕಿದರೆ 'ಚಾಪ್'. ರೆಂಬೆಯ ಸಮೇತ ಲಟ್ಟನೆ ಮುರಿದರೆ 'ಆವ್'. ಗುಡ್ಡದ ಮೇಲಿನ ತಗಡಿನ ಮನೆಯಲ್ಲಿ ಈ ಮೂರು ಮಾತಿಗೂ ಮೂರು ಬೇರೆ ಬೇರೆ ಪರಿಣಾಮಗಳಿದ್ದವು. ಚಿವುಟಿ ತಂದರೆ ಸಾರು, ಹೆಕ್ಕಿ ತಂದರೆ ಭೇಷ್, ಮುರಿದು ತಂದರೆ ಬೆನ್ನ ಮೇಲೆ ಪೊರಕೆ. ನಿನ್ನೆ ಸಂಜೆಯ ಸಭೆಯಲ್ಲಿ ಈ ಮೂರನ್ನೂ ನುಂಗಿಕೊಂಡು ಒಂದೇ ಮಾತು ಮೈಕಿನಿಂದ ಹೊರಗೆ ಬಂತು. ಅದನ್ನು ಆಡಿದವಳು ಈಗ ಗೋಡೆಯಾಚೆ ಬಟ್ಟಲು ತೊಳೆಯುತ್ತಿದ್ದಾಳೆ.

ಮಧ್ಯಾಹ್ನದೊಳಗೆ ತೋಟದ ಗೇಟಿನ ಕೀಲಿಕೈಯನ್ನು ತೋಟ ನೋಡಿಕೊಳ್ಳುವ ಸೀತೋನ ಕೈಗೆ ಒಪ್ಪಿಸಬೇಕು. ಕಟ್ಟಡದ ಹಿಂದಿನ ಇಳಿಜಾರಿನಲ್ಲಿ ನಿವಾಸಿಗಳಿಗೆಂದು ಬಿಟ್ಟ ಚಿಕ್ಕ ಚಿಕ್ಕ ಪಾತಿಗಳು, ಅವುಗಳ ಅಂಚಿಗೆ ಒಂದು ವೋಂಗ್‌ಪೇ ಮರ. ಪಾತಿಯಲ್ಲಿ ಬೆಳೆದದ್ದು ಬೆಳೆದವರಿಗೆ, ಮರ ಮಾತ್ರ ಇಡೀ ವಸತಿ ಸಮುಚ್ಚಯಕ್ಕೆ ಸೇರಿದ್ದು. ಬೇಸಿಗೆಯಲ್ಲಿ ಅದು ಗೋಲಿಯಷ್ಟು ದಪ್ಪದ ಹಳದಿ ಹಣ್ಣುಗಳನ್ನು ಗೊಂಚಲು ಗೊಂಚಲಾಗಿ ಬಿಡುತ್ತಿತ್ತು. ಹಸಿದಾಗ ಲಿಚಿ, ಹೊಟ್ಟೆ ತುಂಬಿದಾಗ ವೋಂಗ್‌ಪೇ ಎಂಬ ಗಾದೆಯನ್ನು ಹೇಳುತ್ತ, ಉಂಡ ಮೇಲೆ ಜನ ಮರದ ಕೆಳಗೆ ಓಡಾಡಿ ಬಿದ್ದದ್ದನ್ನು ಹೆಕ್ಕಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಬಿದ್ದದ್ದು ಯಾರದ್ದೂ ಅಲ್ಲ, ಆದ್ದರಿಂದ ಎಲ್ಲರದ್ದು. ಇದು ಬರೆಯದ ನಿಯಮ. ಬರೆದ ನಿಯಮ ಮರದ ಕಾಂಡದ ಪಕ್ಕ ಹಸಿರು ಬೋರ್ಡಿನ ಮೇಲಿತ್ತು: ಫಲಪುಷ್ಪಗಳನ್ನು ಅವಚಯಿಸಬಾರದು. 'ಚೋಯ್‌ಚಾಕ್', ಅಂದರೆ ಅವಚಯ, ಗಿಡಮರದಿಂದ ಕೀಳುವುದು. ಬೋರ್ಡಿನಲ್ಲಿ ಇರುತ್ತದೆ, ಪಠ್ಯಪುಸ್ತಕದಲ್ಲಿ ಇರುತ್ತದೆ, ಬಾಯಲ್ಲಿ ಯಾರೂ ಆಡುವುದಿಲ್ಲ. ಈ ಊರಿನ ಮಕ್ಕಳು ಆಡುವುದು ಒಂದು, ಬರೆಯುವುದು ಇನ್ನೊಂದು. ಆಡಿದ್ದನ್ನು ಹಾಗೇ ಬರೆದರೆ ತಪ್ಪು. ವಾಯ್‌ಪಿಂಗ್‌ಗೆ ಇದು ಚೆನ್ನಾಗಿ ಗೊತ್ತು, ಯಾಕೆಂದರೆ ನಿವೃತ್ತಿಯಾಗುವವರೆಗೂ ಅವಳು ಪಠ್ಯಪುಸ್ತಕದ ಅಚ್ಚುಕೂಟವೊಂದರಲ್ಲಿ ಕರಡು ತಿದ್ದುತ್ತಿದ್ದಳು. 'ಅಜ್ಜಿ ಹೂ ಚಿವುಟಿದಳು' ಎಂದು ಯಾರೋ ಲೇಖಕ ಮೈಮರೆತು ಬರೆದಿದ್ದರೆ ಅದರ ಮೇಲೆ ಕೆಂಪು ಗೆರೆ ಎಳೆದು ಅಂಚಿನಲ್ಲಿ ಸರಿಯಾದ ಪದ ಬರೆಯುತ್ತಿದ್ದಳು. ಆಗ ಅದರಲ್ಲಿ ಏನೂ ಅನ್ನಿಸುತ್ತಿರಲಿಲ್ಲ. ಅಜ್ಜಿಯ ಕೈಯಿಂದ ಉಗುರು ಕಿತ್ತಂತೆ ಎಂದು ಈಗ ಅನ್ನಿಸಿ, ಛೆ, ಅದೂ ಉತ್ಪ್ರೇಕ್ಷೆ ಎಂದು ಕುಡಿಗಳನ್ನು ನೀರಿಗೆ ಹಾಕಿದಳು.

ನಿನ್ನೆ ನಿವಾಸಿಗಳ ಸಭೆಯಲ್ಲಿ ಏಸಿ ವಿಪರೀತ ತಣ್ಣಗಿತ್ತು. ಕೂತ ತಕ್ಷಣ ಸಿಯುಲಾನ್ ತನ್ನ ಸ್ವೆಟರು ಬಿಚ್ಚಿ ಕಬ್ಬಿಣದ ಕುರ್ಚಿಯ ಮೇಲೆ ಮಡಿಸಿ ಹಾಕಿದ್ದಳು, "ಕೂತ್ಕೋ ಪಿಂಗಕ್ಕ, ಸೊಂಟ ಹಿಡ್ಕೊಳುತ್ತೆ." ನೆನಪು ಅಲ್ಲಿಗೇ ಹೋಗಿ ಹೋಗಿ ನಿಲ್ಲುತ್ತದೆ, ಆ ಸ್ವೆಟರಿನ ಬೆಚ್ಚಗಿನ ಗಂಟಿನ ಮೇಲೆ. ಗಂಟಲಿನ ಆಪರೇಷನ್ ಆದಮೇಲೆ ವಾಯ್‌ಪಿಂಗ್‌ಳ ದನಿ ನೂಲಿನಷ್ಟು ತೆಳ್ಳಗಾಗಿತ್ತು, ನಾಲ್ಕು ಜನರ ನಡುವೆ ಕೇಳಿಸುತ್ತಿರಲಿಲ್ಲ. ನಿನ್ನ ಪರವಾಗಿ ನಾನು ಮಾತಾಡ್ತೀನಿ ಎಂದು ಸಿಯುಲಾನ್ ತಾನಾಗಿಯೇ ಹೇಳಿದ್ದಳು. ಪ್ರಾಥಮಿಕ ಶಾಲೆಯಲ್ಲಿ ಭಾಷೆ ಕಲಿಸಿದವಳು, ಮಾಕ್ ಟೀಚರ್ ಎಂದರೆ ಕಟ್ಟಡದವರಿಗೆಲ್ಲ ಗೌರವ. ದೂರು ಇದ್ದದ್ದು ಇಷ್ಟೆ. ಈ ವರ್ಷ ಮರದ ಕೆಳಕೊಂಬೆ ಮುರಿದಿದೆ, ಮರದ ಹತ್ತಿರದ ಪಾತಿ ಕ್ವೋಂಗ್ ವಾಯ್‌ಪಿಂಗ್ ಅವರದು, ಅವರು ಹಣ್ಣು ಒಯ್ಯುವುದನ್ನು ಹಲವರು ನೋಡಿದ್ದಾರೆ. ಬೋರ್ಡಿನ ನಿಯಮ ಮುರಿದವರಿಗೆ ಪಾತಿ ಇಲ್ಲ. ಅಧ್ಯಕ್ಷ ಯೌ ಕನ್ನಡಕ ಒರೆಸಿಕೊಂಡು "ಮಾಕ್ ಟೀಚರ್, ನೀವು ಹೇಳಿ" ಅಂದಾಗ ಸಿಯುಲಾನ್ ಎದ್ದು, ತಗ್ಗಿದ ಸುಂದರವಾದ ಪಾಠದ ದನಿಯಲ್ಲಿ ಹೇಳಿದಳು: "ಮಾನ್ಯರೇ, ಶ್ರೀಮತಿ ಕ್ವೋಂಗ್ ಅವರು ಇಷ್ಟು ವರ್ಷಗಳಲ್ಲಿ ಅಲ್ಪಸ್ವಲ್ಪ ಫಲಗಳನ್ನು ಅವಚಯಿಸಿರುವುದು ಗೃಹೋಪಯೋಗಕ್ಕಾಗಿ ಮಾತ್ರ, ಅವರ ವಯಸ್ಸನ್ನೂ ಆರೋಗ್ಯವನ್ನೂ ಗಮನಿಸಿ ತಾವು ಕರುಣೆ ತೋರಬೇಕು." ಎರಡನೇ ಸಾಲಿನಲ್ಲಿ ಯಾರೋ ಎಷ್ಟು ಚೆಂದ ಮಾತಾಡ್ತಾರಪ್ಪ ಎಂದು ಪಿಸುಗುಟ್ಟಿದರು. ಯೌ ತಲೆಯಾಡಿಸಿದರು. "ಅಂದ್ರೆ ಅವಚಯಿಸಿದಾರೆ." ವಾಯ್‌ಪಿಂಗ್ ಸಿಯುಲಾನ್‌ಳ ಮುಖ ನೋಡುತ್ತ ಕಾಯುತ್ತಿದ್ದಳು. ಇಲ್ಲ, ಬಿದ್ದದ್ದನ್ನು ಹೆಕ್ಕಿದ್ದು ಎನ್ನುತ್ತಾಳೆ, ಈಗ ಅನ್ನುತ್ತಾಳೆ. ಸಿಯುಲಾನ್ ಮೈಕಿನ ತಂತಿಯನ್ನು ಕಾಲಿಂದ ಪಕ್ಕಕ್ಕೆ ಸರಿಸಿ, ಯಾರೂ ಎಡವದಿರಲೆಂದು, ಕೂತಳು. "ಹೌದೇನಮ್ಮ?" ಎಂದು ಯೌ ನೇರವಾಗಿ ವಾಯ್‌ಪಿಂಗ್‌ಳನ್ನೇ ಕೇಳಿದರು.

ಆ ಕ್ಷಣದಲ್ಲೇ ಆ ಗೊಂಚಲು ನೆನಪಿಗೆ ಬರಬೇಕೆ. ಸಿಯುಲಾನ್‌ಳ ಗಂಡ ತೀರಿಹೋದ ಬೇಸಿಗೆ. ಅವಳು ಬಾಗಿಲು ಹಾಕಿಕೊಂಡು ನೀರೂ ಮುಟ್ಟದೆ ಮಲಗಿದ್ದಳು, ಗಂಜಿ ಒಯ್ದರೆ ಗಂಜಿ ಆರಿ ಕೆನೆ ಕಟ್ಟುತ್ತಿತ್ತು. ಒಂದು ನಸುಕಿನಲ್ಲಿ ವಾಯ್‌ಪಿಂಗ್ ಕೆಳಗಿಳಿದು ಹೋಗಿ, ಯಾರೂ ಇಲ್ಲವೆಂದು ಆಚೀಚೆ ನೋಡಿ, ಜೀವಮಾನದಲ್ಲಿ ಒಂದೇ ಒಂದು ಸಲ, ಕೈಯೆತ್ತಿ ಎಲೆ ಸಮೇತ ಒಂದು ಗೊಂಚಲು ಮುರಿದಿದ್ದಳು. ಆ ಲಟ್ಟೆಂಬ ಸದ್ದಿಗೆ ಬೆನ್ನು ತಾನಾಗಿಯೇ ಪೊರಕೆಗಾಗಿ ಬಿಗಿದುಕೊಂಡಿತ್ತು. ಸಿಯುಲಾನ್ ಮಂಚದ ಮೇಲೆ ಎದ್ದು ಕೂತು, ತೊಟ್ಟಿನ ಹಸಿ ಹಸಿರನ್ನು ಬೆರಳಿಂದ ಮುಟ್ಟಿ ನೋಡಿ, "ಮುರ್ಕೊಂಡು ಬಂದ್ಯಾ, ನಂಗೋಸ್ಕರ?" ಅಂದಳು. ಒಂದು ಹಣ್ಣು ಬಾಯಿಗೆ ಹಾಕಿಕೊಂಡು ಹುಳಿಗೆ ಮುಖ ಕಿವುಚಿದಳು, ಆಮೇಲೆ ಅತ್ತಳು, ಆಮೇಲೆ ಗಂಜಿ ಕುಡಿದಳು. ಅವಳಿಗೆ ಮಾತು ಗೊತ್ತಿತ್ತು. ಯಾವುದು ಹೆಕ್ಕಿದ್ದು, ಯಾವುದು ಮುರಿದದ್ದು ಅವಳಿಗೆ ಗೊತ್ತಿತ್ತು. ಸಭೆಯಲ್ಲಿ ಯೌ ಎದುರು ಇಲ್ಲ ಎಂದು ತಲೆಯಾಡಿಸಬೇಕೆಂದು ವಾಯ್‌ಪಿಂಗ್ ಹೊರಟಳು, ಆದರೆ ಆ ಗೊಂಚಲು ಕತ್ತನ್ನು ಹಿಡಿದುಕೊಂಡಿತು. ಅವಳ ತಲೆ ಹೌದೆಂದೂ ಆಡಲಿಲ್ಲ, ಇಲ್ಲವೆಂದೂ ಆಡಲಿಲ್ಲ. ಸಭೆಗೆ ಅಷ್ಟು ಸಾಕಾಯಿತು.

ಕೀಲಿಕೈ ಹಿಡಿದು ಕೆಳಗಿಳಿಯುವಾಗ ಲಿಫ್ಟಿನಲ್ಲಿ ಮೇಲಿನ ಮಹಡಿಯ ಸಾಮ್ ಅತ್ತೆ ಸಂತೆಯ ಗಾಲಿಚೀಲ ಹಿಡಿದು ನಿಂತಿದ್ದಳು. "ಏನ್ ಪಿಂಗಕ್ಕ, ರಾತ್ರಿ ನಿದ್ದೆ ಅವಚಯಿಸಿದ್ರಾ?" ಎಂದು ತನ್ನ ಜೋಕಿಗೆ ತಾನೇ ನಕ್ಕಳು. ಬೆಳಗಾಗುವುದರೊಳಗೆ ಆ ಮಾತು ಇಡೀ ಕಟ್ಟಡಕ್ಕೆ ಆಟಿಕೆಯಾಗಿತ್ತು. ವಾಯ್‌ಪಿಂಗ್ ನಗಲು ನೋಡಿದಳು. ಸಾಮ್ ಅತ್ತೆ ಮುಂದುವರಿಸಿದಳು, "ನೀವೊಬ್ರೇ ಏನು ತಿಂದಿದ್ದಾ? ನಾನೂ ಹೆಕ್ಕಿದೀನಿ ಜೇಬ್ ತುಂಬಾ. ನಮ್ಮನೆಯೋರು ಬೀಜ ಉಗಿದು ಉಗಿದು ಬಾಲ್ಕನೀಲಿ ಗಿಡ ಬಂದ್ಬಿಟ್ಟಿದೆ." "ಹಾಗಾದ್ರೆ ಸಭೇಲಿ ಹೇಳ್ಬೋದಿತ್ತಲ್ಲ ಸಾಮ್ ಅತ್ತೆ" ಎಂಬ ಮಾತು ಗಂಟಲಲ್ಲೇ ನೂಲಾಗಿ ಉಳಿಯಿತು. ಸಾಮ್ ಅತ್ತೆ ತುಟಿಯ ಚಲನೆ ನೋಡಿಯೇ ಅರ್ಥ ಮಾಡಿಕೊಂಡಳೋ ಏನೋ, ಕೆಳಗೆ ಬರುವವರೆಗೂ ಅಂಕಿಗಳನ್ನೇ ನೋಡುತ್ತಿದ್ದು, ಬಾಗಿಲು ತೆರೆದಾಗ ಕೈಯಿಂದ ಅದನ್ನು ತಡೆದು ಹಿಡಿದಳು. "ಹೋಗಿ, ಮೊದ್ಲು ನೀವ್ ಹೋಗಿ."

ಸೀತೋ ತೋಟದ ಗೇಟಿನ ಬಳಿ ಬಕೆಟ್ಟಿನ ಮೇಲೆ ಕೂತು ಪತ್ರಿಕೆ ಓದುತ್ತಿದ್ದ. ತೋಟದ ಉಸ್ತುವಾರಿಯವನು, ನಿನ್ನೆ ಸಭೆಯಲ್ಲಿ ಮೂಲೆಯಲ್ಲಿ ನಿಂತು ತನ್ನ ಬೂಟುಗಳನ್ನೇ ನೋಡುತ್ತಿದ್ದವನು. ಇವಳನ್ನು ಕಂಡು ಎದ್ದು ನಿಂತ. ಅವಳು ಕೀಲಿಕೈ ಚಾಚಿದರೆ ಅವನು ಕೈ ಹಿಂದಕ್ಕೆ ಕಟ್ಟಿಕೊಂಡ. "ಅವಸರ ಏನಿಲ್ಲ. ನನ್ ಗಡಿಯಾರ ನಿಧಾನ." ಪಾತಿಯ ಕಡೆ ತಲೆಯಾಡಿಸಿ, "ಬಳ್ಳಿ ಒಂದಿಷ್ಟು ತಗೊಂಡ್ಹೋಗೋ ಹಾಗಿದ್ರೆ ತಗೊಳ್ಳಿ. ನಾನ್ ಆ ಕಡೆ ಪೈಪ್ ನೋಡ್ಬೇಕು. ಈ ಕಡೆ ನಂಗೇನೂ ಕಾಣ್ಸಲ್ಲ" ಅಂದ.

ಬಳ್ಳಿ ಅಮ್ಮನದು. ಗುಡ್ಡದ ಮನೆಗಳನ್ನು ತೆರವು ಮಾಡಿಸಿದಾಗ ಅಮ್ಮ ಒದ್ದೆ ಗೋಣಿಯಲ್ಲಿ ಸುತ್ತಿ ತಂದ ಕೆಂಪು ತೊಟ್ಟಿನ ಗೆಣಸು. ಹೊಸ ಮನೆಗೆ ಮಂಚ ಬರುವ ಮೊದಲೇ ಬಂದದ್ದು. ಕಿಟಕಿಯ ಡಬ್ಬಗಳಲ್ಲಿ ಅರೆಜೀವವಾಗಿ ಉಳಿದು, ಪಾತಿ ಸಿಕ್ಕಮೇಲೆ ಮೈತುಂಬಿಕೊಂಡದ್ದು. ಅಮ್ಮ ಹೋಗಿ ಎಷ್ಟೋ ಕಾಲವಾಗಿತ್ತು, ಆದರೆ ಚಿವುಟಿದಷ್ಟೂ ಬಳ್ಳಿ ಎರಡೆರಡು ಕುಡಿ ಬಿಡುತ್ತಿತ್ತು. ಚಿವುಟಿದರೆ ಮಾತ್ರ ಚಿಗುರುವುದು, ಬಿಟ್ಟರೆ ಬಡ್ಡೆ ಕಟ್ಟುವುದು. ಅವಳು ಮಂಡಿಯೂರಿ ಕೂತು ಕುಡಿಗಳನ್ನು ಚಿವುಟತೊಡಗಿದಳು. ಮಣ್ಣು ಬೆಚ್ಚಗಿತ್ತು. ಸಂಜೆಗಳಲ್ಲಿ ಇದೇ ಜಾಗದಲ್ಲಿ ಸಿಯುಲಾನ್ ಮಗುಚಿದ ಬಕೆಟ್ಟಿನ ಮೇಲೆ ಕೂತು ನೋಡುತ್ತಿದ್ದಳು, ಕಡಲೆ ಸಿಪ್ಪೆ ಸುಲಿದು ಒಂದು ಇವಳ ಬಾಯಿಗೆ, ಒಂದು ತನ್ನ ಬಾಯಿಗೆ ಹಾಕುತ್ತ. ನಿಂಗೂ ಒಂದು ಪಾತಿ ಇದ್ದಿದ್ರೆ ಅಂತ ಇವಳು ಒಮ್ಮೆ ಅಂದಾಗ ಅವಳು ನಕ್ಕಿದ್ದಳು, ನಂಗ್ಯಾಕೆ, ನಂಗೆ ನೋಡೋದೇ ಸುಖ. ಅವಳ ಕಣ್ಣುಗಳು ಆಗ ಎಲ್ಲಿದ್ದವು? ಬಳ್ಳಿಯ ಮೇಲೋ, ಮಣ್ಣಿನ ಮೇಲೋ? ಇಂಥ ಯೋಚನೆ ತನ್ನಲ್ಲಿ ಹುಟ್ಟಿದ್ದಕ್ಕೆ ವಾಯ್‌ಪಿಂಗ್‌ಗೆ ನಾಚಿಕೆಯಾಯಿತು, ಕೈ ಮಣ್ಣಾಗಿದ್ದರೂ ಮುಖ ಒರೆಸಿಕೊಂಡಳು.

ಸೀತೋ ಎಲ್ಲಿಂದಲೋ ಒಂದು ಥರ್ಮೋಕೋಲ್ ಪೆಟ್ಟಿಗೆ ತಂದು ಅವಳ ಪಕ್ಕ ಇಟ್ಟ. ಮೀನಿನ ಅಂಗಡಿಯದು, ತೊಳೆದಿದ್ದ, ತಳಕ್ಕೆ ತೂತು ಕೂಡ ಮಾಡಿದ್ದ. ಏನಾದರೂ ಮಾತಾಡಬೇಕಲ್ಲ ಎಂದು ಅವಳು ಕೇಳಿದಳು, "ಈ ಪಾತಿಗೆ ಮುಂದಿನ ಸರದಿ ಯಾರ್ದು ಸೀತೋ?"

ಅವನು ಅವಳ ಮುಖ ನೋಡಿದ. "ನಿಮಗ್ಗೊತ್ತಿಲ್ವಾ?"

"ಇಲ್ಲ."

"ಮಾಕ್ ಟೀಚರ್ದು." ಅವನು ತಗ್ಗಿ ಪೆಟ್ಟಿಗೆಯನ್ನು ಸುಮ್ಮಸುಮ್ಮನೆ ಸರಿಮಾಡಿದ. "ಅವರ ಯಜಮಾನ್ರು ತೀರ್ಕೊಂಡ ವರ್ಷದಿಂದ ಇವರು ಕೇಳ್ತಾನೇ ಇದಾರೆ. ನಾನು... ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ. ದಿನಾ ಒಟ್ಟಿಗೇ ಇರ್ತಿದ್ರಲ್ಲ."

ಅದೇ ವರ್ಷ. ಗೊಂಚಲಿನ ವರ್ಷ. ಬೆರಳು ಒಂದು ಕುಡಿಯ ಮೇಲೆ ನಿಂತುಬಿಟ್ಟಿತು. ಚಿವುಟಲೋ ಬೇಡವೋ ಎಂಬಂತೆ ಉಗುರು ತೊಟ್ಟಿಗೆ ಒತ್ತಿಕೊಂಡೇ ಇತ್ತು. ಆ ಗಂಜಿ ಕುಡಿದ ಮೇಲೆ, ಇವಳು ಆ ಬಟ್ಟಲು ತೊಳೆದು ಬಂದ ಮೇಲೆ, ಆ ವಾರವೋ ಮುಂದಿನ ವಾರವೋ, ಸಿಯುಲಾನ್ ಕೆಳಗಿಳಿದು ಬಂದು ಸರದಿಗೆ ತನ್ನ ಹೆಸರು ಕೊಟ್ಟಿದ್ದಾಳೆ. ಕೊಡಬಾರದೆಂದೇನೂ ಇಲ್ಲ. ಯಾರು ಬೇಕಾದರೂ ಕೊಡಬಹುದು. ಹೇಳಬಹುದಿತ್ತು, ಅಷ್ಟೆ. ಬಕೆಟ್ಟಿನ ಮೇಲೆ ಕೂತು ಕಡಲೆ ಸುಲಿಯುತ್ತ ಇಷ್ಟು ಸಂಜೆಗಳಲ್ಲಿ ಒಂದು ಸಂಜೆ.

"ಪಿಂಗಕ್ಕ." ಸಿಯುಲಾನ್ ಬಂದು ನಿಂತಿದ್ದಳು, ಕೈಯಲ್ಲಿ ಫ್ಲಾಸ್ಕು, ಎರಡು ಬಟ್ಟಲು. ಅವಳ ಕಣ್ಣೂ ನಿದ್ದೆಗೆಟ್ಟು ಕೆಂಪಾಗಿತ್ತು. ಸೀತೋ ಪೈಪಿನ ಕಡೆ ಹೋದ. "ಚಹಾ. ಬೆಳಗ್ಗೆ ಗೋಡೆ ಕುಟ್ಟೋಕೆ ಕೈ ಬರ್ಲಿಲ್ಲ." ಬಟ್ಟಲನ್ನು ತುಂಬಿ ಇಂಥ ಕಡೆ ಇಟ್ಟರೆ ಮಣ್ಣು ಸಿಡಿಯುವುದಿಲ್ಲವೆಂದು ನೋಡಿ ಇಟ್ಟಳು. ಆ ನೋಡುವಿಕೆಯನ್ನು ವಾಯ್‌ಪಿಂಗ್ ನೋಡಿದಳು. ಈ ಕಾಳಜಿ ಸುಳ್ಳಲ್ಲ, ಇದೂ ಸುಳ್ಳಲ್ಲ ಎಂಬುದೇ ಅವಳಿಗೆ ತಡೆಯಲಾಗದ್ದು.

"ನಾನು ಹೆಕ್ಕಿದ್ದು ಅಂತ ನಿಂಗೊತ್ತಿತ್ತು, ಲಾನ್."

"ಗೊತ್ತಿತ್ತು. ಅದಕ್ಕೇ ಅಲ್ವಾ ದಯೆ ತೋರ್ಸಿ ಅಂತ ಕೇಳ್ಕೊಂಡಿದ್ದು."

"ಹೆಕ್ಕಿದ್ದು ಅನ್ಬೋದಿತ್ತು."

"ಅಧ್ಯಕ್ಷರ ಮುಂದೆ? ಮೈಕ್ ಹಿಡ್ಕೊಂಡು?" ಸಿಯುಲಾನ್ ನಕ್ಕಳು, ನಗು ಅರ್ಧಕ್ಕೇ ನಿಂತಿತು. "ಮೀನ್ ಮಾರೋಳ ಥರ ಹೆಕ್ಕಿದ್ಲು ಅಂತ ಹೇಳ್ಬೇಕಿತ್ತಾ? ನಿನ್ ಕೈಗೆ ಆ ವಾಕ್ಯ ಕೊಟ್ಟಿದ್ರೆ ನೀನೇ ಕೆಂಪು ಗೆರೆ ಹಾಕಿರ್ತಿದ್ದೆ."

ನಿಜ, ಹಾಕಿರುತ್ತಿದ್ದಳು. ಒಂದು ಗಳಿಗೆ ವಾಯ್‌ಪಿಂಗ್‌ಗೆ ತಾನೇ ಈ ಬಲೆ ಹೆಣೆದವಳು, ಇಷ್ಟು ವರ್ಷ ಕೂತು ಮೆತ್ತಗೆ ಹೆಣೆದಿಟ್ಟು ಈಗ ಅದರಲ್ಲೇ ಬಿದ್ದವಳು ಎನ್ನಿಸಿತು. ಆದರೆ ಕರಡು ತಿದ್ದುವವಳ ಕಣ್ಣು ಅಷ್ಟಕ್ಕೆ ಮುಚ್ಚಲಿಲ್ಲ. ಕೆಂಪು ಗೆರೆ ಹಾಕಿ ಅಂಚಿನಲ್ಲಿ ತಾನು ಏನು ಬರೆಯುತ್ತಿದ್ದೆ? ಅವಚಯ ಎಂದಲ್ಲ.

"ಪುಸ್ತಕದ ಭಾಷೇಲೂ ಅದಕ್ಕೆ ಬೇರೆ ಮಾತಿದೆ ಲಾನ್. ಬಿದ್ದದ್ದನ್ನ ಆಯ್ದುಕೊಳ್ಳೋದು. 'ದಾರಿಯಲ್ಲಿ ಬಿದ್ದ ವಸ್ತುವನ್ನು ಯಾರೂ ಆಯ್ದುಕೊಳ್ಳದ ನಾಡು' ಅನ್ನೋ ನಾಣ್ಣುಡಿ. ಮಕ್ಕಳ ಕೈಲಿ ಬರೆಸ್ತಿದ್ದೆ ನೀನು. ನಿನ್ ಬಾಗಿಲು ತೆರೆದಿದ್ರೆ ನಂಗೆ ಕೇಳಿಸ್ತಿತ್ತು, ಟ್ಯೂಷನ್ ಮಕ್ಕಳು ಕೂಗಿ ಕೂಗಿ ಓದೋದು."

ಸಿಯುಲಾನ್ ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು, ಮತ್ತೆ ಬಿಚ್ಚಿದಳು. "ಆ ಹೊತ್ತಿಗೆ ಹೊಳೀಲಿಲ್ಲ" ಅಂದಳು. ಪೈಪಿನ ಕಡೆ ಕಣ್ಣು ಹಾಯಿಸಿ, "ಸೀತೋ ಹೇಳಿದ್ನಾ?"

"ಹೂಂ."

"ಮೊದ್ಲೇ ಹೇಳಿದ್ರೆ ನಿಂಗೆ ಬೇಜಾರಾಗ್ತಿತ್ತು. ನಿನ್ ಪಾತಿ ಮೇಲೆ ಕಣ್ಣು ಅಂದ್ಕೋತಿದ್ದೆ. ಯಾವ್ದೋ ಒಂದು ಪಾತಿ ಸಿಗ್ಲಿ ಅಂತ ಕೊಟ್ಟಿದ್ದು, ಇದೇ ಸಿಗುತ್ತೆ ಅಂತ ಯಾರಿಗ್ ಗೊತ್ತಿತ್ತು." ಅವಳು ಬಗ್ಗಿ ಇವಳ ಭುಜದ ಮೇಲಿಂದ ಒಣಗಿದ ಎಲೆಯೊಂದನ್ನು ತೆಗೆದಳು. "ಈಗ ಯೋಚ್ನೆ ಮಾಡು ಪಿಂಗಕ್ಕ. ಬೇರೆ ಯಾರಿಗಾದ್ರೂ ಹೋಗಿದ್ರೆ ನಿಮ್ಮಮ್ಮನ ಬಳ್ಳಿ ಕಿತ್ತು ಬಿಸಾಕ್ತಿದ್ರು. ನಾನಾದ್ರೆ ಇಟ್ಕೋತೀನಿ. ಯಾವಾಗ್ ಬೇಕಾದ್ರೂ ಬಂದು ಚಿವುಟ್ಕೊಂಡು ಹೋಗು. ನಾನೇನ್ ಬೇಡ ಅಂತೀನಾ?"

ಅಮ್ಮನ ಬಳ್ಳಿಯನ್ನು ಚಿವುಟಲು ಅಪ್ಪಣೆ. ಎಷ್ಟು ಮೆತ್ತಗೆ ಕೊಟ್ಟಳು. ವಾಯ್‌ಪಿಂಗ್ ಏಳಲು ಹೋದಾಗ ಮಂಡಿ ಹಿಡಿದುಕೊಂಡಿತು, ಸಿಯುಲಾನ್ ತಟ್ಟನೆ ತೋಳು ಹಿಡಿದು ಎತ್ತಿದಳು. ಅದನ್ನೂ ಬಿಡಿಸಿಕೊಳ್ಳಲು ಆಗಲಿಲ್ಲ, ಬಿಡಿಸಿಕೊಂಡಿದ್ದರೆ ಬೀಳುತ್ತಿದ್ದಳು. ಕೀಲಿಕೈಯನ್ನು ಅವಳ ಅಂಗೈಯಲ್ಲೇ ಇಟ್ಟಳು. ಹೇಗೂ ಸೀತೋನಿಂದ ಸಂಜೆ ಅವಳಿಗೇ ಬರುವುದು, ನಡುವೆ ಇನ್ನೊಂದು ಕೈ ಯಾಕೆ? ಚಹಾದ ಬಟ್ಟಲು ತುಂಬಿದಂತೆಯೇ ಮಣ್ಣಿನ ಅಂಚಿನಲ್ಲಿ ಉಳಿಯಿತು. ಪೆಟ್ಟಿಗೆ ಎತ್ತಿಕೊಂಡು ಮರದ ಕೆಳಗೆ ಬರುವಾಗ ಕಾಲಿಗೆ ಹಣ್ಣುಗಳು ಸಿಕ್ಕವು. ರಾತ್ರಿ ಗಾಳಿಗೆ ಬಿದ್ದವು, ತೊಟ್ಟು ಕಳಚಿದ ಜಾಗದಲ್ಲಿ ಒಣಗಿದ ಸಣ್ಣ ಕಂದು ಕಲೆ. ಬಗ್ಗಬೇಕೆನಿಸಿತು. ಬಗ್ಗಲಿಲ್ಲ. ಬೋರ್ಡು ನೋಡುತ್ತಿತ್ತು.

ದಿನವೆಲ್ಲ ಅವಳು ಕಿಟಕಿಯ ಹತ್ತಿರ ಕೂತಿದ್ದಳು. ಪೆಟ್ಟಿಗೆಯಲ್ಲಿ ನೆಟ್ಟ ಕುಡಿಗಳು ಮೊದಲು ಬಾಡಿ ಮಲಗಿದವು, ಸಂಜೆಗೆ ಒಂದೆರಡು ತಲೆಯೆತ್ತಲು ನೋಡಿದವು. ಗೋಡೆಯಾಚೆ ಸದ್ದಿರಲಿಲ್ಲ. ಸದ್ದಿಲ್ಲ ಎಂಬುದನ್ನು ತಾನು ಕೇಳಿಸಿಕೊಳ್ಳುತ್ತಿದ್ದೇನೆ ಎಂದು ಗೊತ್ತಾಗಿ ರೇಡಿಯೋ ಹಾಕಿದಳು. ತಪ್ಪು ಯಾರದು ಎಂಬ ವಾಕ್ಯವನ್ನು ಮನಸ್ಸು ಬರೆಯುತ್ತಿತ್ತು, ತಿದ್ದುತ್ತಿತ್ತು. ಹೊಳೆಯಲಿಲ್ಲ ಅಂದಳಲ್ಲ, ಹೊಳೆಯದೆ ಇರಬಹುದು. ತುಂಬಾ ದಿನ ಪಾಠ ಹೇಳಿದವರಿಗೆ ಸಭೆ ಅಂದರೆ ದೊಡ್ಡ ಮಾತುಗಳು ತಾವಾಗಿಯೇ ಬರುತ್ತವೆ. ಬಾಯಿಗೆ ಬಂದ ಮಾತು ಒಂದು, ಬಂದ ಮೇಲೆ ಸುಮ್ಮನೆ ಕೂತದ್ದು ಇನ್ನೊಂದು. ಮೊದಲನೆಯದನ್ನು ಬಿಡಬಹುದು, ಎರಡನೆಯದು? ಆದರೆ ತಾನೂ ಕೂತಿದ್ದೆ. ತಾನೂ ತಲೆಯಾಡಿಸಲಿಲ್ಲ. ಅವಳಿಗೆ ಹೊಳೆದಿರಲಿಕ್ಕಿಲ್ಲ ಎಂಬ ಕಡೆಗೇ ಮನಸ್ಸು ಮತ್ತೆ ಮತ್ತೆ ವಾಲುತ್ತಿತ್ತು. ಹಾಗೆ ವಾಲಿದಾಗ ಎದೆ ಸ್ವಲ್ಪ ಹಗುರಾಗುತ್ತಿತ್ತು. ನಾಳೆ ಗೋಡೆ ಕುಟ್ಟಿದರೆ ಹೋಗಬಹುದೇನೋ. ಚಹಾ ತಾನೇ.

ದೀಪ ಹಾಕುವ ಹೊತ್ತಿಗೆ ಬಾಗಿಲ ಬೆಲ್ ಸದ್ದಾಯಿತು. ಮರದ ಬಾಗಿಲು ತೆರೆದಳು. ಹೊರಗಿನ ಕಬ್ಬಿಣದ ಗೇಟಿನಾಚೆ ಸಿಯುಲಾನ್ ನಿಂತಿದ್ದಳು, ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ವೋಂಗ್‌ಪೇ. ಮುಖದಲ್ಲಿ ಬಿಸಿಲಿಗೆ ಕೆಂಪಾದ ಗುರುತಿತ್ತು, ಉಗುರುಗಳಲ್ಲಿ ಮಣ್ಣು. ಅವಳು ಖುಷಿಯಾಗಿದ್ದಳು, ಅದನ್ನು ಮುಚ್ಚಿಟ್ಟುಕೊಳ್ಳಲು ಪಾಪ ಪ್ರಯತ್ನಿಸುತ್ತಲೂ ಇದ್ದಳು.

"ನೀನ್ ಬೆಳಗ್ಗೆ ಬಗ್ಗದೇ ಹೋದೆ, ನೋಡಿದೆ" ಅಂದಳು. "ಅದಕ್ಕೇ ತಂದೆ. ಯೋಚ್ನೆ ಮಾಡ್ಬೇಡ, ಹೆಕ್ಕಿದ್ದು. ಕೆಳಗೆ ಬಿದ್ದಿತ್ತು."

ಎಷ್ಟು ಸಹಜವಾಗಿ ಬಂತು ಆ ಮಾತು, ಚಾಪ್ ಎಂದು, ಅಮ್ಮನ ಬಾಯಿಂದ ಬಂದ ಹಾಗೆ. ಮೈಕಿರಲಿಲ್ಲ, ಅಧ್ಯಕ್ಷರಿರಲಿಲ್ಲ. ವಾಯ್‌ಪಿಂಗ್‌ಳ ಕೈ ಗೇಟಿನ ಚಿಲಕಕ್ಕೆ ಹೋಯಿತು. ಆಗ ಕಾರಿಡಾರಿನ ದೀಪದಲ್ಲಿ ತಟ್ಟೆ ಸರಿಯಾಗಿ ಕಾಣಿಸಿತು. ಬಿಡಿ ಹಣ್ಣುಗಳಲ್ಲ, ಇಡೀ ಗೊಂಚಲು. ಜೊತೆಗೆ ಎರಡು ಎಲೆ, ಒಂದಿಷ್ಟೂ ಬಾಡದ ಎಲೆ. ತೊಟ್ಟಿನ ತುದಿ ಓರೆಯಾಗಿ ಸೀಳಿತ್ತು, ಸೀಳಿದಲ್ಲಿ ಹಸಿ ಹಸಿರು, ಇನ್ನೂ ಒದ್ದೆ.

ಕೈ ಚಿಲಕದ ಮೇಲೆಯೇ ನಿಂತಿತು. ಸಿಯುಲಾನ್ ಗೇಟು ತೆರೆಯುವುದನ್ನು ಕಾಯುತ್ತಿದ್ದಳು. ತೆರೆಯಲಿಲ್ಲ. ತಟ್ಟೆಯನ್ನು ಸರಳುಗಳ ನಡುವೆ ತೂರಿಸಲು ನೋಡಿದಳು, ಹಿಡಿಸಲಿಲ್ಲ. ಗೊಂಚಲನ್ನೇ ತೂರಿಸಿ ನೋಡಿದಳು, ಅದೂ ಹಿಡಿಸಲಿಲ್ಲ. ಕಡೆಗೆ ಯೋಚಿಸದೆ ಗೊಂಚಲನ್ನು ನಡುವೆ ಮುರಿದಳು. ಲಟ್ ಎಂದಿತು. ಆ ಸದ್ದು ಖಾಲಿ ಕಾರಿಡಾರಿನಲ್ಲಿ ಎರಡೂ ಮನೆಯ ಬಾಗಿಲಿಗೆ ತಾಗಿ ಬಂತು. ಇಬ್ಬರೂ ಕೇಳಿಸಿಕೊಂಡರು. ಸಿಯುಲಾನ್‌ಳ ಕಣ್ಣು ಒಂದು ಸಲ ತೊಟ್ಟಿಗೆ ಇಳಿದು ಮೇಲೆ ಬಂತು.

"ಹೆಕ್ಕಿದ್ದು ತಾನೇ?" ವಾಯ್‌ಪಿಂಗ್ ಕೇಳಿದಳು.

"ಹೂಂ" ಅಂದಳು ಸಿಯುಲಾನ್. "ಹೆಕ್ಕಿದ್ದು."

ವಾಕ್ಯ ವಾಯ್‌ಪಿಂಗ್‌ಳ ಎದುರು ನಿಂತಿತ್ತು, ಒಂದೇ ಒಂದು ಪದ ತಪ್ಪು, ಎಲ್ಲಿ ಗೆರೆ ಎಳೆಯಬೇಕು, ಅಂಚಿನಲ್ಲಿ ಏನು ಬರೆಯಬೇಕು ಕೈಗೆ ಗೊತ್ತಿತ್ತು. ಬೆರಳು ಒಂದಿಷ್ಟು ಅಲುಗಿತು ಕೂಡ. ಅವಳು ಸರಳುಗಳ ನಡುವಿನಿಂದ ಅರ್ಧ ಗೊಂಚಲು ತೆಗೆದುಕೊಂಡಳು. "ತುಂಬಾ ಉಪಕಾರವಾಯಿತು, ಮಾಕ್ ಟೀಚರ್" ಅಂದಳು, ಪುಸ್ತಕದಲ್ಲಿ ಬರೆದಂತೆ ಒಂದೊಂದೇ ಪದ ಬಿಡಿಸಿ, 'ಹೆಕ್ಕಿದ್ದು' ಎಂಬ ಆ ಪದವನ್ನು ಮಾತ್ರ ತಿದ್ದದೆ ಹಾಗೆಯೇ ಬಿಟ್ಟು, ಮರದ ಬಾಗಿಲನ್ನು ಸದ್ದಾಗದಂತೆ ಮುಚ್ಚಿಕೊಂಡಳು.